ಮನಾಲಿಯಿಂದ ಲೇಹ್‌ಗೆ ಒಂಟಿ ಸೈಕಲ್

ರೋಹ್ತಾಂಗ್ ಹಾದಿಯಲ್ಲಿ ಮನಾಲಿಯಿಂದ ಲೇಹ್‌ಗೆ ಸುಮಾರು 470 ಕಿ.ಮೀ. ಒಂಟಿಯಾಗಿ ಸೈಕಲ್ ತುಳಿಯುವವರ ಸಿದ್ಧತೆ ದೂರಕ್ಕಿಂತ ಎತ್ತರವನ್ನು ನೋಡಿ ಆಗಬೇಕು. ಐದು ಸಾವಿರ ಮೀಟರ್ ದಾಟಿದ ತಂಗ್ಲಾಂಗ್ ಲಾ ಕಣಿವೆಮಾರ್ಗದಲ್ಲಿ ಪ್ರತಿ ಉಸಿರಿಗೆ ದಕ್ಕುವ ಆಮ್ಲಜನಕ ಸಮುದ್ರಮಟ್ಟದ ಅರ್ಧದಷ್ಟೇ. ಹಾಗಾಗಿ ದಾರಿಯ ಊರುಗಳಾದ ಕೇಲಾಂಗ್‌ನಲ್ಲೋ ಜಿಸ್ಪಾದಲ್ಲೋ ತಂಗಿ ಮೈ ಒಗ್ಗಿಸಿಕೊಳ್ಳುವ ದಿನಗಳನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು. ತಲೆನೋವು, ವಾಂತಿ ಹೆಚ್ಚಿದರೆ ಕೆಳಗಿಳಿಯುವುದೇ ಮದ್ದು. ಹಟಕ್ಕೆ ಅಲ್ಲಿ ಜಾಗವಿಲ್ಲ. ಹಿಮ ಕರಗಿ ಮಧ್ಯಾಹ್ನಕ್ಕೆ ಹಳ್ಳಗಳು ಉಕ್ಕುತ್ತವೆ, ಬೆಳಿಗ್ಗೆಯೇ ದಾಟುವುದು ಕ್ಷೇಮ. ಡೇರೆ, ಒಲೆ, ಪಂಪು ಹಂಚಿಕೊಳ್ಳಲು ಜೊತೆಗಾರರಿಲ್ಲದ ಕಾರಣ ಹೊರೆಯೆಲ್ಲ ಒಬ್ಬರದೇ. ಬೇಸಿಗೆಯ ಡೇರೆ ಢಾಬಾಗಳಲ್ಲಿ ಊಟ ಸಿಗುತ್ತದೆ, ಬಿಡಿಭಾಗ ಸಿಗದು. ಬಟ್ಟೆ ಕಡಿಮೆಯಾದರೂ ಸರಿ. ಟ್ಯೂಬು, ಕಡ್ಡಿ, ಚೈನಿನ ಕೊಂಡಿ ಮತ್ತು ಉದ್ದ ಇಳಿಜಾರಿನಲ್ಲಿ ಬೇಗ ಸವೆಯುವ ಬ್ರೇಕ್ ಪ್ಯಾಡು ಚೀಲದಲ್ಲಿರಲೇಬೇಕು.