ಊರು ಕಟ್ಟುವ ಕಾಯಕ

(ಅಂಕಲಿಯಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಈ ಗೋಷ್ಠಿಗೆ ಕರೆ ಬಂದಾಗ ನಾನು ಹಿಂಜರಿದೆ. ವಚನ ವ್ಯಾಖ್ಯಾನ ಮಾಡುವ ಅಧಿಕಾರ ನನಗಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಸರಕಾರಿ ಎಂಜಿನಿಯರನಾಗಿ ರಸ್ತೆ, ಮೋರಿ, ಬಡಾವಣೆ ಎಂದು ಓಡಾಡಿದವನು. ಪೂಜ್ಯರು, "ನಿಮಗೆ ಗೊತ್ತಿರುವ ಕಾಯಕದ ಮಾತನ್ನೇ ಆಡಿರಿ" ಎಂದರು. ಹಾಗಾಗಿ ಇಂದು ಊರಿನ ಯೋಜನೆ ಎಂದರೇನು, ಅದನ್ನು ಯಾರು ಮಾಡಬೇಕು ಎಂಬುದನ್ನು ಹೇಳುತ್ತೇನೆ. ಜೊತೆಗೆ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗಿದೆ.

ನಗರ ಯೋಜನೆ ಎಂದರೆ ಬೆಂಗಳೂರಿನ ಮೇಲ್ಸೇತುವೆ, ಮೆಟ್ರೋ ಎಂದು ತಿಳಿದಿದ್ದೇವೆ. ಅಷ್ಟೇ ಅಲ್ಲ. ಯಾವುದು ಎಲ್ಲಿರಬೇಕು, ಯಾವುದು ಎಲ್ಲಿರಬಾರದು, ಅದನ್ನು ಯಾರು ಕೂಡಿ ತೀರ್ಮಾನಿಸಬೇಕು, ಈ ಮೂರು ಪ್ರಶ್ನೆಗಳೇ ಯೋಜನೆ. ಅಂಕಲಿಗೂ ಈ ಪ್ರಶ್ನೆಗಳಿವೆ.

ನಮ್ಮ ಹೊಳೆಯನ್ನೇ ನೋಡಿರಿ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ. ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾ ವಾಡಿಯಲ್ಲಿ ಪಂಚಗಂಗಾ ಅವಳನ್ನು ಕೂಡುತ್ತವೆ. ನಮ್ಮ ತಾಲೂಕಿಗೆ ಬಂದ ಮೇಲೆ ವೇದಗಂಗೆಯ ನೀರನ್ನೂ ಹೊತ್ತ ದೂಧಗಂಗಾ ಸೇರುತ್ತದೆ. ನಮ್ಮದು ಮಳೆ ಕಡಿಮೆಯ ಸೀಮೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಘಟ್ಟದ ಮೇಲೆ ನಾಲ್ಕು ದಿನ ಹಿಡಿದು ಸುರಿದರೆ ನಮ್ಮ ಅಂಗಳಕ್ಕೆ ನೀರು. 2005, 2019, 2021 ಈ ಮೂರು ವರ್ಷಗಳನ್ನು ಇಲ್ಲಿ ಯಾರೂ ಮರೆತಿಲ್ಲ. ಆಳುವವರ ಗಡಿ ಬೇರೆ, ನೀರಿನ ಗಡಿ ಬೇರೆ. ನಮ್ಮ ಬದುಕಿನ ಗಡಿಯೂ ಬೇರೆಯೇ. ದವಾಖಾನೆಗೆ ಮಿರಜ, ಪೇಟೆಗೆ ಸಾಂಗಲಿ, ತಾಲೂಕಿನ ಕೆಲಸಕ್ಕೆ ಚಿಕ್ಕೋಡಿ, ಜಿಲ್ಲಾಧಿಕಾರಿ ಕಚೇರಿಗೆ ದೂರದ ಬೆಳಗಾವಿ. ಇಷ್ಟನ್ನೂ ಕೂಡಿಸಿ ನೋಡುವುದಕ್ಕೆ ಪ್ರಾದೇಶಿಕ ಯೋಜನೆ ಎನ್ನುತ್ತಾರೆ.

1914ರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ ಎಂಬಾತ ನಮ್ಮ ದೇಶಕ್ಕೆ ಬಂದ. ಓದಿದ್ದು ಜೀವಶಾಸ್ತ್ರ, ಮಾಡಿದ್ದು ಊರುಗಳ ವೈದ್ಯಕೀ. ಮೊದಲು ಊರನ್ನು ಕಾಲ್ನಡಿಗೆಯಲ್ಲಿ ಸುತ್ತು, ರೋಗ ತಿಳಿ, ಆಮೇಲೆ ಗೆರೆ ಎಳೆ ಎಂಬುದು ಅವನ ಪಾಠ. ಹಳೆಯ ಓಣಿಗಳನ್ನು ಕೆಡವಿ ನೇರ ರಸ್ತೆ ಮಾಡುವುದನ್ನು ಅವನು ಒಪ್ಪುತ್ತಿರಲಿಲ್ಲ. 1917ರ ಸುಮಾರಿಗೆ ಇಂದೋರಿನಲ್ಲಿ ಪ್ಲೇಗಿನ ಭಯವಿತ್ತು. ದೀಪಾವಳಿಯ ಮೆರವಣಿಗೆ ಯಾವ ಓಣಿ ಚೊಕ್ಕಟವಾಗಿರುತ್ತದೋ ಆ ಓಣಿಯಲ್ಲೇ ಹಾಯುತ್ತದೆ ಎಂದು ಅವನು ಸಾರಿಸಿದನಂತೆ. ಜನ ತಾವೇ ಕಸ ತೆಗೆದು, ಗೋಡೆಗೆ ಸುಣ್ಣ ಬಳಿದರು. ತೇರು ಹಾಯುವ ಬೀದಿಯನ್ನು ನಾವು ಹೇಗೆ ಇಡುತ್ತೇವೆ ಎಂಬುದು ನಿಮಗೆ ಗೊತ್ತೇ ಇದೆ. ಜನ ಕೈಹಾಕದ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರ ಕೆಲಸವನ್ನೂ ನೆನೆಯಬೇಕು. 1908ರಲ್ಲಿ ಮೂಸಿ ನದಿ ಹೈದರಾಬಾದನ್ನು ನುಂಗಿತು. ಅವರ ಸಲಹೆಯಂತೆ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕೆರೆಗಳಾದವು. 1912ರಲ್ಲಿ ನಗರ ಸುಧಾರಣಾ ಮಂಡಳಿಯೂ ಬಂತು. ನೀರನ್ನು ಮೇಲೆ ತಡೆಯುವುದು, ಕೆಳಗೆ ಊರನ್ನು ತಿದ್ದುವುದು, ಎರಡೂ ಆಗಬೇಕು. ನಮ್ಮ ಮೇಲಿನ ಅಣೆಕಟ್ಟುಗಳು ಬೇರೆ ರಾಜ್ಯದಲ್ಲಿವೆ. ಸಾಂಗಲಿಯವರು ಆಲಮಟ್ಟಿಯನ್ನು ದೂರುತ್ತಾರೆ, ನಾವು ಕೊಯ್ನೆಯನ್ನು ದೂರುತ್ತೇವೆ. ಆ ವಾದ ನಡೆಯಲಿ. ಆದರೆ ಮನೆ ಎಲ್ಲಿ ಕಟ್ಟಬೇಕು ಎಂಬುದು ನಮ್ಮ ಕೈಯಲ್ಲೇ ಇದೆ.

ಒಂದು ಲೆಕ್ಕ ಹೇಳುತ್ತೇನೆ. ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ ಎಂದು ಎಂಜಿನಿಯರರು ಅಂದಾಗ, ಒಮ್ಮೆ ಬಂತಲ್ಲ, ಇನ್ನು ನೂರು ವರ್ಷ ಚಿಂತೆಯಿಲ್ಲ ಎಂದು ಜನ ತಿಳಿಯುತ್ತಾರೆ. ಅದರ ಅರ್ಥ ಹಾಗಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಾಧ್ಯತೆ ಇದ್ದೇ ಇದೆ ಎಂದು ಅರ್ಥ. ಅಂಥ ಜಾಗದಲ್ಲಿ ಕಟ್ಟಿದ ಮನೆಯಲ್ಲಿ 30 ವರ್ಷ ಬಾಳಿದರೆ ಆ ಪ್ರವಾಹ ಒಮ್ಮೆಯಾದರೂ ಬರುವ ಸಾಧ್ಯತೆ ನೂರಕ್ಕೆ 26. ಇಪ್ಪತ್ತೈದು ವರ್ಷಕ್ಕೊಮ್ಮೆ ಎನ್ನುವ ಪ್ರವಾಹವಾದರೆ ನೂರಕ್ಕೆ 70. ಮಗಳ ಮದುವೆಗೆ ವರ ನೋಡುವಾಗ ಇಷ್ಟು ಅಪಾಯವನ್ನು ನಾವು ಒಪ್ಪುತ್ತೇವೆಯೇ? ಮನೆ ಕಟ್ಟುವಾಗ ಮಾತ್ರ ಕಣ್ಣು ಮುಚ್ಚಿ ಒಪ್ಪುತ್ತೇವೆ.

ಕಾನೂನು ಇಲ್ಲವೇ ಎಂದು ಕೇಳಬಹುದು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಆದರೆ ಯೋಜನಾ ಪ್ರದೇಶವೆಂದು ಘೋಷಣೆಯಾದ ಕಡೆ ಮಾತ್ರ ಮಾಸ್ಟರ್ ಪ್ಲಾನ್ ತಯಾರಾಗುತ್ತದೆ. ಬಹುಪಾಲು ಹಳ್ಳಿಗಳು ಅದರ ಹೊರಗೆ. ಅಲ್ಲಿ ಒಂದೊಂದೇ ಸರ್ವೆ ನಂಬರಿಗೆ ಎನ್.ಎ. ಆಗುತ್ತದೆ. ಒಂದು ಎಕರೆಯಲ್ಲಿ ರಸ್ತೆ, ಬಯಲು ಬಿಟ್ಟು 30x40ರ ಸುಮಾರು ಇಪ್ಪತ್ತು ನಿವೇಶನ ಕೂರುತ್ತವೆ. ಮಾಲೀಕನಿಗೆ ಆ ಇಪ್ಪತ್ತರ ಲೆಕ್ಕ ಸಾಕು. ಪಕ್ಕದ ಹಳ್ಳದ ನೀರು ಎಲ್ಲಿಗೆ ಹೋಗಬೇಕು ಎಂಬ ಲೆಕ್ಕ ಯಾರದೂ ಅಲ್ಲ. ಸಂವಿಧಾನದ 243ಝಡ್‌ಡಿ ವಿಧಿಯಂತೆ ಜಿಲ್ಲಾ ಯೋಜನಾ ಸಮಿತಿ ಇರಬೇಕು. ಹಳ್ಳಿ ಮತ್ತು ಪಟ್ಟಣಗಳ ಯೋಜನೆಗಳನ್ನು ಅದು ಒಟ್ಟುಗೂಡಿಸಬೇಕು. ಒಟ್ಟುಗೂಡಿಸಲು ಹಳ್ಳಿಯಿಂದ ಮೊದಲು ಯೋಜನೆ ಹೋಗಬೇಕಲ್ಲ? ಗ್ರಾಮಸಭೆಯಲ್ಲಿ ನಾವು ಕೂತಿದ್ದೇವೆಯೇ?

ಈಗ ನನ್ನ ತಪ್ಪಿನ ವಿಷಯ. 1980ರ ದಶಕದಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೊಳೆದಂಡೆಯ ಒಂದು ಹಳ್ಳಿಯ ಪುನರ್ವಸತಿಗೆ ನಕ್ಷೆ ಮಾಡುವ ಕೆಲಸ ನನಗೆ ಬಂತು. ಊರಿನ ಹೆಸರು ಬೇಡ. ಕೊಂಡ ಜಾಗ ಮಡ್ಡಿಯಿಂದ ಹಳ್ಳದ ಕಡೆಗೆ ಇಳಿಜಾರಾಗಿತ್ತು. ಮಟ್ಟ ತೆಗೆದೆ, ಸಾಲು ಸಾಲಾಗಿ ನಿವೇಶನ ಬರೆದೆ. ಊರ ಹಿರಿಯರು ಬಂದು, "ಹಳೇ ಊರಾಗ ಹೆಂಗ ಇದ್ವಿ ಹಂಗ ಇರಲಿ ಸಾಹೇಬ್ರ" ಎಂದು ಒಂದು ಯಾದಿ ಕೊಟ್ಟರು. ಯಾವ ಓಣಿಯವರು ಯಾವ ಸಾಲು ಎಂಬ ಯಾದಿ ಅದು. ಕೊಟ್ಟವರಲ್ಲಿ ನಮ್ಮ ಸಮಾಜದವರೇ ಹೆಚ್ಚು. ಮಡ್ಡಿಯ ಮೇಲಿನ ಸಾಲು ಅವರಿಗೆ, ಹಳ್ಳದ ಅಂಚಿನ ಕೊನೆಯ ಸಾಲು ದಲಿತ ಕುಟುಂಬಗಳಿಗೆ. ಕೊನೆಯ ಸಾಲಿನ ಮಟ್ಟ ಎಷ್ಟು ಎಂಬುದು ನನ್ನ ಪುಸ್ತಕದಲ್ಲೇ ಬರೆದಿತ್ತು. ಹೊಳೆ ತುಂಬಿದಾಗ ಹಳ್ಳ ಹಿಂದಕ್ಕೆ ಒತ್ತುತ್ತದೆ ಎಂಬುದು ನನಗೆ ತಿಳಿದಿತ್ತು. ಆದರೂ ಯಾದಿಯಂತೆ ಹೆಸರು ತುಂಬಿ ಸಹಿ ಮಾಡಿದೆ. ತಂಟೆ ಬೇಡ ಅನಿಸಿತು, ಅಷ್ಟೇ.

2005ರಲ್ಲಿ ಬೇರೆ ಕೆಲಸದ ಮೇಲೆ ಅದೇ ಹಳ್ಳಿಗೆ ಹೋಗಬೇಕಾಯಿತು. ಮೇಲಿನ ಸಾಲುಗಳು ಒಣಗಿದ್ದವು. ಕೊನೆಯ ಸಾಲಿನಲ್ಲಿ ಎದೆಮಟ್ಟಕ್ಕೆ ಕೆಸರಿನ ಗುರುತು. ಒಬ್ಬ ಮುದುಕಿ ತೋಯ್ದ ಜೋಳವನ್ನು ಬಿಸಿಲಿಗೆ ಹರವುತ್ತಿದ್ದಳು. ನನ್ನನ್ನು ನೋಡಿ, "ಈ ಜಾಗಾ ಯಾರ ಆರಿಸಿದ್ರೋ ಏನೋ ಸಾಹೇಬ್ರ. ಅವರು ಮಳಿಗಾಲದಾಗ ಬಂದ ನೋಡಿರಲಿಲ್ಲ ಅನಸತೈತಿ" ಎಂದಳು. ಆ ನಕ್ಷೆ ಬರೆದವನು ನಾನೇ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. "ಹೌದು ಆಯಿ" ಎಂದು ಜೀಪು ಹತ್ತಿದೆ. ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಮಾದಾರ ಚೆನ್ನಯ್ಯ, ಹರಳಯ್ಯ ನಮ್ಮವರು ಎಂದು ವರ್ಷವಿಡೀ ಹೇಳುತ್ತೇವೆ. ಅವರ ಓಣಿಗೆ ಕೊಡುವ ಜಾಗದ ಮಟ್ಟ ಮಾತ್ರ ನಮಗಿಂತ ಕೆಳಗಿರಲಿ ಎನ್ನುತ್ತೇವೆ. ಸಮಾನತೆ ಎಂಬುದನ್ನು ಲೆವೆಲ್ ಹಿಡಿದು ಅಳೆಯಬಹುದು, ಬಂಧುಗಳೇ. ಅಡಿ ಅಂಗುಲದಲ್ಲಿ ಹೇಳಬಹುದು.

ಸ್ಥಳಾಂತರ ಬರೀ ಮನೆ ಕಟ್ಟಿಕೊಡುವುದರಿಂದ ಆಗುವುದಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ಕಟ್ಟಿದ 'ಆಸರೆ' ಮನೆಗಳಲ್ಲಿ ಎಷ್ಟೋ ಮನೆ ಖಾಲಿ ಉಳಿದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ, ಮೇವು, ತಿಪ್ಪೆಗೆ ನೆಲೆಯಿಲ್ಲ. ಎರಡು ಎಮ್ಮೆ ಇದ್ದವನಿಗೆ 30x40 ಹೇಗೆ ಸಾಕು? 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದಾಯಿತು. ದುಡ್ಡು ಬಂದರೂ ಬೇರೆ ಜಾಗ ಇಲ್ಲದವರು ಹಳೆಯ ಅಡಿಪಾಯದ ಮೇಲೆಯೇ ಕಟ್ಟಿದರು. ಅವರನ್ನು ತಪ್ಪೆನ್ನಲಾರೆ. ಇನ್ನು ನಮ್ಮ ಕಡೆಯ ತೋಟದ ವಸತಿಗಳು. ಗಾಂವಠಾಣ ನೋಡಿ ನಕ್ಷೆ ಮಾಡುವವನಿಗೆ ಅವು ಕಾಣುವುದೇ ಇಲ್ಲ. ಹೊಳೆ ಬಂದಾಗ ಮೊದಲು ದಾರಿ ಕಡಿಯುವುದು ಅವಕ್ಕೇ.

ಹಾಗಾದರೆ ಮಾಡುವುದೇನು? ಸರಕಾರ ಮಾಡಲಿ ಎಂದು ಕಾಯದೆ ನಾವೇ ಶುರು ಮಾಡಬಹುದಾದ ನಾಲ್ಕು ಕೆಲಸ ಹೇಳಿ ಮುಗಿಸುತ್ತೇನೆ.

ಮೊದಲನೆಯದು, ನೀರಿನ ಗುರುತು. ಮೂರು ಪ್ರವಾಹಗಳ ಗುರುತು ಕಂಡ ಹಿರಿಯರು ಇನ್ನೂ ಇದ್ದಾರೆ. ಗೌಂಡಿಗಳ ಹತ್ತಿರ ಇರುವ ನೀರಿನ ಪೈಪಿನಿಂದಲೇ ಮಟ್ಟ ಹಿಡಿದು, ಶಾಲೆ, ಗುಡಿ, ವಿದ್ಯುತ್ ಕಂಬಗಳ ಮೇಲೆ ವರ್ಷ ಬರೆದು ಬಣ್ಣ ಹಚ್ಚಿರಿ. ತೋಟದ ವಸತಿಗಳನ್ನೂ ಬಿಡಬೇಡಿರಿ.

ಎರಡನೆಯದು, ಹಳ್ಳಗಳು. ಎಲ್ಲಿ ಹೂತಿದೆ, ಎಲ್ಲಿ ಒತ್ತುವರಿಯಾಗಿದೆ, ಯಾವ ರಸ್ತೆಯ ಏರಿಗೆ ಮೋರಿ ಸಾಲದು ಎಂದು ನಡೆದು ನೋಡಿ ಬರೆದಿಡಿರಿ. ಮೋರಿ ಸಣ್ಣದಾದರೆ ರಸ್ತೆಯೇ ಒಡ್ಡಾಗಿ ನಿಲ್ಲುತ್ತದೆ.

ಮೂರನೆಯದು, ಮಡ್ಡಿ ಜಮೀನು. ಉಳಿದಿರುವ ಗಾಯರಾಣವನ್ನು ನೆರೆಗೆ ಸಿಕ್ಕುವ ಕುಟುಂಬಗಳಿಗಾಗಿ ಕಾಯ್ದಿಡುವಂತೆ ಗ್ರಾಮಸಭೆಯಲ್ಲಿ ಠರಾವು ಮಾಡಿಸಿರಿ. ಮಡ್ಡಿಯಲ್ಲಿ ನನಗೂ ಎರಡು ಎಕರೆ ಇದೆ. ದಲಾಲರು ಎರಡು ಸಲ ಬಂದು ಹೋಗಿದ್ದಾರೆ. ಅದನ್ನು ಸರಕಾರಿ ದರಕ್ಕೆ ಈ ಕೆಲಸಕ್ಕೇ ಬಿಡಬೇಕೆಂದು ನನ್ನ ಮನಸ್ಸು. ಮಕ್ಕಳು ಇನ್ನೂ ಒಪ್ಪಿಲ್ಲ. ಒಪ್ಪಿಸುವ ಪ್ರಯತ್ನದಲ್ಲಿದ್ದೇನೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣ. ಹೊಸ ನಿವೇಶನ ಹಂಚುವಾಗ ಯಾದಿ ಬೇಡ, ಚೀಟಿ ಎತ್ತೋಣ. ಎಲ್ಲರ ಹೆಸರೂ ಒಂದೇ ಕೊಡದಲ್ಲಿ. ಪಕ್ಕದ ಮನೆ ಯಾರದು ಎಂಬುದನ್ನು ಚೀಟಿ ಹೇಳಲಿ. ಇದಕ್ಕೆ ವಿರೋಧ ಬರುತ್ತದೆ, ನಮ್ಮ ಮನೆಗಳಿಂದಲೇ ಬರುತ್ತದೆ. ಆಗ ಮಠ ಮುಂದೆ ನಿಲ್ಲಬೇಕು ಎಂದು ಪೂಜ್ಯರಲ್ಲಿ ನನ್ನ ಬಿನ್ನಹ. ಆ ಚೀಟಿ ಮಠದ ಅಂಗಳದಲ್ಲೇ ಎತ್ತಲಿ.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದವರು. ನಮ್ಮ ಎಂಜಿನಿಯರರ ಪರಂಪರೆಗೆ ಅವರೇ ಹಿರಿಯರು ಎಂದು ನಾನು ಭಾವಿಸಿದ್ದೇನೆ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡರಾಮ ಎಂದು ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಕಲ್ಲು ಮಣ್ಣಿನ ಕೆಲಸದಲ್ಲಿ ಒಳಗಿನದನ್ನು ಮರೆಯಬೇಡ ಎಂಬ ಎಚ್ಚರ ಅದು. ನಾನು ಆ ನಕ್ಷೆಗೆ ಸಹಿ ಮಾಡಿದ ದಿನ ಕಲ್ಲು ಮಣ್ಣಿನ ಲೆಕ್ಕ ಸರಿಯಾಗಿತ್ತು, ಒಳಗಿನದು ತಪ್ಪಿತ್ತು.

ಬರುವ ರವಿವಾರ ಮುಂಜಾನೆ ಏಳು ಗಂಟೆಗೆ ಅಗಸಿಯ ಹತ್ತಿರ ಲೆವೆಲ್ ಯಂತ್ರದೊಂದಿಗೆ ನಿಂತಿರುತ್ತೇನೆ. ಬರುವವರು ಬರಬಹುದು. ಹೊಳೆಯ ಕಡೆಯ ಕೊನೆಯ ಮನೆಯಿಂದ ಶುರು ಮಾಡೋಣ.