ಡರ್ಬಿಯ ಬೇಸ್‌ಬಾಲ್ ತಂಡ: ಬೇರೂರದ ಆಟವೊಂದರ ಇತಿಹಾಸ



ಕ್ರಿಕೆಟ್ಟಿನ ನಾಡಿನಲ್ಲಿ ನಿಂತು ಬೇಸ್‌ಬಾಲ್ ಕುರಿತು ಮಾತನಾಡುವುದು ವಿಚಿತ್ರವೆನಿಸಬಹುದು. ಆದರೆ ನಮ್ಮ ಊರಿಗೆ ಸುಮಾರು ಮೂವತ್ತು ಮೈಲಿ ದೂರದ ಡರ್ಬಿಯಲ್ಲಿ ‘ಬೇಸ್‌ಬಾಲ್ ಗ್ರೌಂಡ್’ ಎಂಬ ಕ್ರೀಡಾಂಗಣವೊಂದು ನೂರು ವರ್ಷಗಳಿಗೂ ಮಿಗಿಲಾಗಿ ಬಾಳಿತು. ಅಲ್ಲಿ ಜನ ಸೇರುತ್ತಿದ್ದುದು ಮಾತ್ರ ಫುಟ್‌ಬಾಲ್ ನೋಡಲು. ಹೆಸರು ಉಳಿದು ಆಟ ಅಳಿದದ್ದು ಹೇಗೆ? ಅದನ್ನೇ ಇಂದು ನಾವು ವಿಚಾರಿಸೋಣ.

ಡರ್ಬಿಯಲ್ಲಿ ಎರಕದ ಕಾರ್ಖಾನೆ ನಡೆಸುತ್ತಿದ್ದ ಫ್ರಾನ್ಸಿಸ್ ಲೇ ಎಂಬ ಉದ್ಯಮಿ 1889ರಲ್ಲಿ ಅಮೆರಿಕಾ ಪ್ರವಾಸ ಕೈಗೊಂಡು, ಅಲ್ಲಿನ ಬೇಸ್‌ಬಾಲಿಗೆ ಮನಸೋತು ಮರಳಿದರು. ತಮ್ಮ ಕಾರ್ಮಿಕರ ಮೈದಾನದಲ್ಲಿ ಆ ಆಟವನ್ನು ನೆಲೆಗೊಳಿಸಿದರು. 1890ರಲ್ಲಿ ಅಮೆರಿಕಾದ ಕ್ರೀಡಾಸಾಮಗ್ರಿ ವ್ಯಾಪಾರಿ ಸ್ಪಾಲ್ಡಿಂಗ್ ಅವರ ನೆರವಿನಿಂದ ಬ್ರಿಟನ್ನಿನ ಪ್ರಥಮ ಬೇಸ್‌ಬಾಲ್ ಲೀಗ್ ಆರಂಭವಾಯಿತು. ಆಸ್ಟನ್ ವಿಲ್ಲಾ, ಪ್ರೆಸ್ಟನ್ ನಾರ್ತ್ ಎಂಡ್, ಸ್ಟೋಕ್ ಮತ್ತು ಡರ್ಬಿ, ಹೀಗೆ ನಾಲ್ಕೇ ತಂಡಗಳು. ಡರ್ಬಿಯ ಗೆಲುವಿಗೆ ಅಮೆರಿಕದ ಆಟಗಾರರೇ ಕಾರಣರೆಂದು ಉಳಿದವರು ಆಕ್ಷೇಪಿಸಿದರು. ವಿವಾದ ಬೆಳೆದು ಡರ್ಬಿ ಹಿಂದೆ ಸರಿಯಿತು; ಆಸ್ಟನ್ ವಿಲ್ಲಾ ಪ್ರಶಸ್ತಿ ಪಡೆಯಿತು. ಆ ಲೀಗ್ ಎರಡನೆಯ ವರ್ಷವನ್ನು ಕಾಣಲಿಲ್ಲ.

ಹಾಗೆಂದು ಸ್ಥಳೀಯರು ಆಟ ಕಲಿಯಲಿಲ್ಲವೆಂದಲ್ಲ. ಇಂಗ್ಲೆಂಡಿನ ಪರವಾಗಿ 23 ಪಂದ್ಯಗಳಲ್ಲಿ 28 ಗೋಲು ಹೊಡೆದ ಫುಟ್‌ಬಾಲ್ ವೀರ ಸ್ಟೀವ್ ಬ್ಲೂಮರ್ ಡರ್ಬಿಯ ಬೇಸ್‌ಬಾಲ್ ತಂಡದಲ್ಲಿಯೂ ಆಡಿದರು. 1895 ಮತ್ತು 1897ರಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗಳಿಸಿತು. ಆದರೂ ಶತಮಾನ ಮುಗಿಯುವ ವೇಳೆಗೆ ಆಟ ಸೊರಗಿತ್ತು. 1895ರಿಂದ 1997ರವರೆಗೆ ಆ ಮೈದಾನ ಡರ್ಬಿ ಕೌಂಟಿ ಫುಟ್‌ಬಾಲ್ ತಂಡದ ಮನೆಯಾಗಿದ್ದು, ಮುಂದೆ ನೆಲಸಮವಾಯಿತು. ಇಂದು ಅಲ್ಲಿ ವಸತಿಗಳಿವೆ.

ಈಗ ಸಾಗರದಾಚೆಗೆ ದೃಷ್ಟಿ ಹಾಯಿಸೋಣ. ಅಮೆರಿಕಾದ ಕಾಲೇಜುಗಳ ನಡುವಣ ಮೊದಲ ಬೇಸ್‌ಬಾಲ್ ಪಂದ್ಯ 1859ರ ಜುಲೈ 1ರಂದು ಪಿಟ್ಸ್‌ಫೀಲ್ಡ್ ಎಂಬಲ್ಲಿ ನಡೆಯಿತು. ಆಮ್‌ಹರ್ಸ್ಟ್ ಕಾಲೇಜು ವಿಲಿಯಮ್ಸ್ ಕಾಲೇಜನ್ನು 73–32ರಿಂದ ಸೋಲಿಸಿತು. ಮರುದಿನ ಅವೇ ಕಾಲೇಜುಗಳು ಚದುರಂಗದಲ್ಲಿಯೂ ಸೆಣಸಿದವು. ಆ ಎರಡು ಕಾಲೇಜುಗಳ ತಂಡಗಳು ಇಂದಿಗೂ ಆಡುತ್ತಿವೆ. ವಿದ್ಯಾರ್ಥಿಗಳ ತಂಡದಲ್ಲಿ ಯಾರೂ ಶಾಶ್ವತರಲ್ಲ. ನಾಲ್ಕು ವರ್ಷಗಳಲ್ಲಿ ಎಲ್ಲರೂ ಹೊರಟುಹೋಗುತ್ತಾರೆ. ಆದ್ದರಿಂದಲೇ ಹಳಬರು ಹೊಸಬರಿಗೆ ಕಲಿಸುವುದು ಅಲ್ಲಿ ಅನಿವಾರ್ಯ. ದೌರ್ಬಲ್ಯವೆಂದು ತೋರುವುದೇ ಅದರ ಬಲ.

ಬ್ರಿಟನ್ನಿನಲ್ಲಿಯೂ ಇದಕ್ಕೆ ನಿದರ್ಶನವುಂಟು. ಇಲ್ಲಿನ ಮಕ್ಕಳ ಹಳೆಯ ಆಟವಾದ ರೌಂಡರ್ಸ್‌ಗೆ 1892ರಲ್ಲಿ ಲಿವರ್‌ಪೂಲ್ ಮತ್ತು ದಕ್ಷಿಣ ವೇಲ್ಸ್‌ಗಳ ಸಂಘಗಳು ಬೇಸ್‌ಬಾಲ್ ಎಂಬ ಹೆಸರನ್ನಿಟ್ಟವು. ತಂಡಕ್ಕೆ ಹನ್ನೊಂದು ಜನ. ಚೆಂಡನ್ನು ಭುಜದ ಕೆಳಗಿನಿಂದ ಎಸೆಯುವ ಪದ್ಧತಿ. 1908ರಲ್ಲಿ ಇಂಗ್ಲೆಂಡ್–ವೇಲ್ಸ್ ಪಂದ್ಯಗಳು ಆರಂಭವಾದವು. ಕಾರ್ಡಿಫ್, ನ್ಯೂಪೋರ್ಟ್, ಲಿವರ್‌ಪೂಲ್‌ಗಳ ಶಾಲೆಗಳಲ್ಲಿ, ಬಂದರಿನ ಕೇರಿಗಳಲ್ಲಿ ಈ ಆಟ ನೂರು ವರ್ಷಗಳಿಗೂ ಹೆಚ್ಚು ಕಾಲ ಜೀವಂತವಾಗಿತ್ತು. ಡರ್ಬಿಗೆ ಧನವಿತ್ತು, ಮೈದಾನವಿತ್ತು, ಪ್ರಶಸ್ತಿಯೂ ಇತ್ತು. ಕಾರ್ಡಿಫ್‌ಗೆ ಇದ್ದುದು ತಾಯಿತಂದೆಯರು ಆಡುವುದನ್ನು ಕಂಡು ಕೋಲು ಹಿಡಿದ ಮಕ್ಕಳು.

ಬಂಧುಗಳೇ, ಸಾಗರ ದಾಟಿ ಬಂದ ನಮಗೆ ಈ ಕಥೆ ಪರಕೀಯವಲ್ಲ. ನಾವೂ ಒಂದು ನುಡಿಯನ್ನು ಹೊತ್ತು ಬಂದಿದ್ದೇವೆ. ಸಭಾಂಗಣವನ್ನು ಬಾಡಿಗೆಗೆ ಪಡೆಯಬಲ್ಲೆವು, ಬೆಂಗಳೂರಿನಿಂದ ಕಲಾವಿದರನ್ನು ಬರಮಾಡಿಕೊಳ್ಳಬಲ್ಲೆವು, ರಾಜ್ಯೋತ್ಸವವನ್ನು ವಿಜೃಂಭಣೆಯಿಂದ ಆಚರಿಸಬಲ್ಲೆವು. ಅವೆಲ್ಲವೂ ಬೇಕು. ಆದರೆ ಹತ್ತು ವರ್ಷದ ಹುಡುಗಿಯೊಬ್ಬಳು ಆರು ವರ್ಷದ ತಮ್ಮನಿಗೆ ಚಿನ್ನಿದಾಂಡಿನ ನಿಯಮಗಳನ್ನು ಕನ್ನಡದಲ್ಲಿಯೇ ವಿವರಿಸುವ ದಿನ ಮಾತ್ರ ನಮ್ಮ ನುಡಿ ಈ ಮಣ್ಣಿನಲ್ಲಿ ಬೇರುಬಿಟ್ಟಿತೆಂದು ತಿಳಿಯಬಹುದು. ಇಲ್ಲವಾದರೆ ಡರ್ಬಿಯ ಮೈದಾನದಂತೆ, ಫಲಕದ ಮೇಲೆ ‘ಕನ್ನಡ’ ಎಂಬ ಹೆಸರಿದ್ದು ಒಳಗೆ ಬೇರೊಂದು ಆಟ ನಡೆದೀತು.