ಕಣ್ಣಳತೆಗೆ ಸಿಗದ ನೆತ್ತರು



ನಾನು ಹೌಸ್ ಸರ್ಜನ್ ಆಗಿದ್ದಾಗಿನ ಒಂದು ರಾತ್ರಿಯಿಂದಲೇ ಮಾತು ಶುರು ಮಾಡುತ್ತೇನೆ. ಚೊಚ್ಚಲ ಹೆರಿಗೆ. ಮಗು ಅತ್ತಿತು, ಮಾಸೂ ಬಿತ್ತು. ಕೇಸ್ ಶೀಟಿನಲ್ಲಿ ‘ರಕ್ತಸ್ರಾವ 300 ಮಿ.ಲೀ.’ ಎಂದು ಬರೆದು ಸಹಿ ಹಾಕಿದೆ. ಹಿರಿಯ ಸಿಸ್ಟರ್ ಒಬ್ಬರು ಮಾತಿಲ್ಲದೆ ಒದ್ದೆ ಬಟ್ಟೆಗಳನ್ನೆಲ್ಲ ಬಳಿದು ತಂದು ತಕ್ಕಡಿಗೆ ಹಾಕಿದರು. ಒಣ ಬಟ್ಟೆಯ ತೂಕ ಕಳೆದರೆ 900 ಗ್ರಾಂ ಉಳಿಯಿತು. ಒಂದು ಗ್ರಾಂ ರಕ್ತವೆಂದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್. “ಡಾಕ್ಟ್ರೇ, ನಾಡಿ ಹಿಡಿದು ನೋಡಿ” ಅಂದರು. ನೂರಮೂವತ್ತು! ಆ ತಾಯಿ ಉಳಿದಳು. ಆದರೆ ನನ್ನ ಕಣ್ಣನ್ನೇ ನಂಬಿ ಕೂತಿದ್ದರೆ ಉಳಿಯುತ್ತಿರಲಿಲ್ಲ.

ಇಷ್ಟು ರಕ್ತ ಹೋಗುವುದಾದರೂ ಹೇಗೆ? ತುಂಬುಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿಯುತ್ತದೆ. ಮಾಸು ಕಳಚಿದ ಜಾಗದಲ್ಲಿ ರಕ್ತನಾಳಗಳು ಬಾಯಿ ತೆರೆದುಕೊಂಡಿರುತ್ತವೆ. ಅವನ್ನು ಮುಚ್ಚಬೇಕಾದ್ದು ಗರ್ಭಕೋಶದ ಸ್ನಾಯುವೇ. ಅಡ್ಡ-ಉದ್ದ ಹೆಣೆದುಕೊಂಡ ಅದರ ಎಳೆಗಳು ಬಿಗಿದಾಗ ನಡುವೆ ಸಿಕ್ಕ ನಾಳಗಳು ಹಿಚುಕಿಕೊಂಡು ಮುಚ್ಚುತ್ತವೆ. ಹೊಕ್ಕುಳ ಕೆಳಗೆ ಕೈಯಿಟ್ಟರೆ ತೆಂಗಿನಕಾಯಿಯಂತೆ ಗಟ್ಟಿಯಾಗಿ ಸಿಗಬೇಕು. ಕಲಸಿದ ಹಿಟ್ಟಿನಂತೆ ಮೆತ್ತಗಿದ್ದರೆ ಅಪಾಯ. ಬಹುಪಾಲು ಸ್ರಾವದ ಮೂಲ ಇದೇ. ಮಾಸಿನ ಚೂರು ಒಳಗುಳಿಯುವುದು, ಹರಿದ ಗಾಯ, ಹೆಪ್ಪುಗಟ್ಟದ ರಕ್ತ ಇವು ಉಳಿದ ಕಾರಣಗಳು.

ಕಾರಣ ಯಾವುದೇ ಇರಲಿ, ಹೋದ ರಕ್ತವನ್ನು ಮೊದಲು ಅಳೆಯಬೇಕು. ಈ ಅಳತೆಯ ಕಥೆಯಲ್ಲಿ ನಮ್ಮ ಬೆಳಗಾವಿಗೆ ದೊಡ್ಡ ಪಾಲಿದೆ. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆಗೂಡಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆರಿಗೆಗಳನ್ನು ಅಧ್ಯಯನ ಮಾಡಿದರು. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಎ.ಎನ್.ಎಂ. ಅಕ್ಕಂದಿರು ಕೊಟ್ಟ, ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ವಿಪರೀತ ಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಅದೇ ಕೆಲಸದ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ಬೇಕಾದ ತಂಪುಪೆಟ್ಟಿಗೆ ಈ ಮಾತ್ರೆಗೆ ಬೇಡ, ಕರೆಂಟ್ ಇಲ್ಲದ ಹಳ್ಳಿಗೆ ಅದೇ ದೊಡ್ಡ ವರ. ರಕ್ತವನ್ನು ಪ್ರಾಮಾಣಿಕವಾಗಿ ಅಳೆಯಲು ಈ ಸಂಶೋಧಕರು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಅದರ ತುದಿಯಲ್ಲಿ ಆಲಿಕೆಯಾಕಾರದ ಚೀಲ, ಚೀಲದ ಮೇಲೆ ಅಳತೆಯ ಗೆರೆ. ನನ್ನ ಮಟ್ಟಿಗೆ ಮಾತ್ರೆಗಿಂತಲೂ ಈ ಚೀಲವೇ ದೊಡ್ಡ ಕೊಡುಗೆ.

ಯಾಕೆಂದರೆ, ಇಂಥ ಗೆರೆ ಹಾಕಿದ ಚೀಲವನ್ನಿಟ್ಟುಕೊಂಡು ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ 2023ರಲ್ಲಿ ಹೊರಬಂತು. ಹಳೆಯ ರೀತಿಯಲ್ಲಿ ಅರ್ಧದಷ್ಟು ಸ್ರಾವಗಳು ಮಾತ್ರ ಪತ್ತೆಯಾಗುತ್ತಿದ್ದರೆ, ಚೀಲವಿದ್ದಲ್ಲಿ ನೂರಕ್ಕೆ 93 ಪತ್ತೆಯಾದವು. ಪತ್ತೆಯಾದ ಕೂಡಲೇ ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಮೂತ್ರಕೋಶ ಖಾಲಿ ಮಾಡಿ ಗಾಯ ಹುಡುಕುವುದು ಇಷ್ಟೂ ಒಟ್ಟಿಗೇ ನಡೆಯಬೇಕು. ಒಂದು ಫಲಿಸಲಿಲ್ಲವೆಂದು ಇನ್ನೊಂದಕ್ಕೆ ಹೋಗುತ್ತ ನಾವು ಕಳೆದುಕೊಂಡ ಸಮಯವೆಷ್ಟೋ! ಹೀಗೆ ಒಟ್ಟಿಗೆ ಮಾಡಿದ ಕಡೆ ತೀವ್ರ ಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದಾಗುವ ಸಾವು ಮೂರೂ ಸೇರಿ ನೂರಕ್ಕೆ 4.3 ಇದ್ದದ್ದು 1.6ಕ್ಕೆ ಇಳಿಯಿತು.

ಇವುಗಳಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ದಂಪತಿ, 1960ರ ದಶಕದ ಆರಂಭದಲ್ಲಿ. ಬಾಣಂತಿಯರ ಪ್ರಾಣ ಉಳಿಸುವ ಹಂಬಲದಿಂದಲೇ ಉತಾಕೊ ದುಡಿದದ್ದು. ಇಪ್ಪತ್ತು ಸಾವಿರ ಹೆಂಗಸರ ಮೇಲಿನ ಅಧ್ಯಯನ ಈ ಮದ್ದಿನ ಪ್ರಯೋಜನವನ್ನು ಸಾಬೀತು ಮಾಡಿದ್ದು 2017ರಲ್ಲಿ. ಆಕೆ ಅದರ ಹಿಂದಿನ ವರ್ಷ ತೀರಿಕೊಂಡಿದ್ದರು. ಮದ್ದು ಹೆರಿಗೆಯಾದ ಮೂರು ಗಂಟೆಯೊಳಗೆ ಮೈಸೇರಬೇಕು. ಆಮೇಲೆ ಕೊಟ್ಟರೆ ಪ್ರಯೋಜನ ಕಾಣದು.

ಇಷ್ಟಕ್ಕೂ ಸ್ರಾವ ನಿಲ್ಲದಿದ್ದರೆ ಗರ್ಭಕೋಶವನ್ನು ಎರಡು ಕೈಗಳ ನಡುವೆ ಒತ್ತಿಹಿಡಿಯಬೇಕು. ಒಳಗಿನಿಂದ ಬಲೂನ್ ಒತ್ತುವ ವಿಧಾನವೂ ಇದೆ: ಢಾಕಾದ ಡಾ. ಸಯೇಬಾ ಅಖ್ತರ್ ಕ್ಯಾತಿಟರಿಗೆ ಕಾಂಡೋಮ್ ಕಟ್ಟಿ, ಸಲೈನ್ ತುಂಬಿ ಅಗ್ಗದ ಬಲೂನ್ ಮಾಡಿಕೊಂಡರು. ಆಮೇಲೆ ಗರ್ಭಕೋಶವನ್ನು ಬಿಗಿದು ಹಿಡಿಯುವ ಬಿ-ಲಿಂಚ್ ಹೊಲಿಗೆ, ರಕ್ತನಾಳ ಕಟ್ಟುವುದು, ಕಟ್ಟಕಡೆಗೆ ಗರ್ಭಕೋಶ ತೆಗೆಯುವುದು. ಈ ಕಡೆಯ ನಿರ್ಧಾರಕ್ಕೆ ಮೀನಮೇಷ ಎಣಿಸಬಾರದು. ಚಿಕ್ಕ ಪ್ರಾಯದವಳು, ಇನ್ನೂ ಮಕ್ಕಳಾಗಬೇಕು ಎಂದು ತಡೆದದ್ದರಿಂದಲೇ ತಾಯಿಯನ್ನು ಕಳೆದುಕೊಂಡದ್ದುಂಟು.

ಇನ್ನು ಚಿಕಿತ್ಸೆ ಯಾವಾಗ ಶುರುವಾಗಬೇಕು ಎಂಬ ಪ್ರಶ್ನೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ವಿಪರೀತ. ಮೊದಲೇ ಬಿಳಿಚಿಕೊಂಡವಳಿಗೆ ಮಾಮೂಲಿ ಮಿತಿಯಂತೆ ಅರ್ಧ ಲೀಟರ್ ಹೋಗುವವರೆಗೆ ಕಾಯುವುದು ಯಾವ ನ್ಯಾಯ? ನಾಡಿ, ಬಿ.ಪಿ. ಏರುಪೇರಾಗಿದ್ದರೆ 300 ಮಿ.ಲೀ.ಗೇ ಚಿಕಿತ್ಸೆ ಶುರುವಾಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿದೆ. ಅಂದು ಚಿಂತೆಯಿಲ್ಲವೆಂದು ಕೇಸ್ ಶೀಟಿನಲ್ಲಿ ನಾನು ಬರೆದದ್ದು ಅದೇ ಅಂಕಿಯನ್ನು.